ಗೇಣೆತ್ತರದ ಕತ್ತಲೆ

ಹಿತ್ತಲಿನಿಂದ ಬಂದ ಅತ್ತೆಯ ಬುಟ್ಟಿಯಲ್ಲಿ ಮೂರು ಮೊಟ್ಟೆಗಳಿದ್ದವು. ಇನ್ನೊಂದು ಕೈಯಲ್ಲಿ ಬೆಳ್ಳಗೆ ಏನೋ ತೂಗುತ್ತಿತ್ತು.

"ಕೋಳಿಗೂಡಿನ ಅಡಿಯಲ್ಲಿ ಸಿಕ್ತು ಕಣೆ. ಯಾರೋ ಪ್ಲಾಸ್ಟಿಕ್ ಎಸೆದಿದಾರೆ."

ಪಾತ್ರೆ ತಿಕ್ಕುತ್ತಿದ್ದ ಸೊಸೆಯ ಕೈ ನಿಂತಿತು. "ಅತ್ತೆ, ಕೆಳಗೆ ಬಿಡಿ ಅದನ್ನ. ಪೊರೆ ಅದು."

"ನನ್ನ ಕಣ್ಣಿಗೆ ಪೊರೆ ಬಂದಿರೋದು ಬೀದಿಗೇ ಗೊತ್ತು. ಬೆಳಗ್ಗೆ ಬೆಳಗ್ಗೆ ಅದನ್ನೇ ಯಾಕೆ ಆಡ್ತೀಯ?"

"ಕಣ್ಣಿಂದಲ್ಲ ಅತ್ತೆ. ಹಾವಿಂದು."

ಅತ್ತೆಯ ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಕಾಲಬುಡದಲ್ಲಿ ಬಿದ್ದ ಪೊರೆಯಲ್ಲಿ ಇನ್ನೂ ಪಸೆಯಿತ್ತು. ಹಾವು ಅದನ್ನು ಬಿಟ್ಟು ಹೆಚ್ಚು ಹೊತ್ತಾಗಿರಲಿಲ್ಲ.

ಬೀದಿಯವರಿಗೆ ಸೊಸೆ ಮೊಟ್ಟೆ ಅಕ್ಕ. ಹನ್ನೊಂದು ವರ್ಷದಿಂದ ಕೋಳಿಗಳಿಗೆ ನೀರಿಡುವುದು, ಹಿಕ್ಕೆ ಬಳಿಯುವುದು, ಮೊಟ್ಟೆ ಮಾರುವುದು ಎಲ್ಲ ಅವಳದೇ. ಗೂಡು ಹೇಗಿರಬೇಕೆಂದು ಹೇಳುವುದು ಮಾತ್ರ ಬಡಗಿ ಗಂಡನ ಕೆಲಸ. ಮೊದಲು ಮಣ್ಣಿನ ನೆಲವಿತ್ತು. ಹೆಗ್ಗಣ ಕೊರೆದು ಬಂದು ಎರಡು ಮರಿಗಳನ್ನು ಎಳೆದುಕೊಂಡು ಹೋಯಿತು. ಸಿಮೆಂಟ್ ಹಾಕಿಸಿ ಎಂದಳು. ಅವನು ಅಂಗಡಿಯಲ್ಲಿ ಉಳಿದ ಹಲಗೆ ಜೋಡಿಸಿ, ಮೂಲೆಗೆ ಎರಡೆರಡು ಇಟ್ಟಿಗೆ ಕೊಟ್ಟು, ಗೂಡನ್ನು ಗೇಣೆತ್ತರ ಏರಿಸಿದ. ಅಡಿಯಲ್ಲಿ ಗಾಳಿ ಆಡಲಿ ಎಂದ. ಗಾಳಿ ಆಡಿತೋ ಇಲ್ಲವೋ, ಕತ್ತಲೆ ಬಂದು ಕೂತಿತು. ಹಠಮಾರಿ ಹೇಂಟೆಗಳು ಮೊಟ್ಟೆಯಿಡಲು ಅದೇ ಕತ್ತಲೆಯನ್ನು ಆರಿಸಿಕೊಂಡವು. ದಿನಾ ಬೆಳಗ್ಗೆ ಅತ್ತೆ ಅಲ್ಲಿಗೆ ಕೈ ಹಾಕಿ ತಡಕುತ್ತಾರೆ. ಬೇಡವೆಂದರೆ, "ಇದೊಂದಾದ್ರೂ ನನ್ನ ಪಾಲಿಗಿರಲಿ ಬಿಡು" ಎನ್ನುತ್ತಾರೆ.

ಆ ಕೈ ನಾಳೆಯೂ ಅಲ್ಲಿಗೇ ಹೋಗುತ್ತದೆ. ಅವಳು ಪೊರೆಯನ್ನು ಕೋಲಿನ ತುದಿಯಲ್ಲಿ ಎತ್ತಿ ಗಂಡನಿಗೆ ತೋರಿಸಿದಳು.

ಗಂಡ ನಕ್ಕ. "ಪೊರೆ ಬಿಟ್ಟು ಅದು ಹೊರಟೇ ಹೋಗಿರುತ್ತೆ. ಸುಮ್ನೆ ಹೆದರ್ತೀಯ."

"ಹೋಗಿದ್ರೆ ಸರಿ. ಕಪ್ಪು ಹೇಂಟೆ ಈಗಷ್ಟೇ ಕೂಗ್ತು, ಅಡಿಯಲ್ಲಿ ಮೊಟ್ಟೆ ಇಟ್ಟಿರುತ್ತೆ. ಇವತ್ತು ನೀವೇ ತೆಗೀರಿ."

ಅವನು ನಿಂತು ನೋಡಿದ, ಕಾಣಲಿಲ್ಲ. ಕುಕ್ಕರಗಾಲಲ್ಲಿ ಕೂತ, ಕಾಣಲಿಲ್ಲ. ಕೊನೆಗೆ, ತಾನೇ ಕಟ್ಟಿದ ಗೂಡಿನ ಮುಂದೆ ಮೊದಲ ಸಲ ಕೆನ್ನೆಯನ್ನು ನೆಲಕ್ಕೆ ಹಚ್ಚಿ ಮಲಗಿದ. ಕೈ ಮೊಣಕೈವರೆಗೆ ಒಳಗೆ ಹೋಯಿತು. ಅಲ್ಲೇ ನಿಂತಿತು.

ಒಳಗೆ ಒಣ ಎಲೆಗಳು ಸರಿದವು. ಯಾರೋ ಬಟ್ಟೆ ಎಳೆದುಕೊಂಡು ನಿಧಾನ ಹೋದ ಹಾಗೆ.

ಕೈ ಕಿತ್ತುಕೊಂಡ ರಭಸಕ್ಕೆ ಮೊಣಕೈ ತರಚಿತು. ಅವನು ಮಣ್ಣು ಕೊಡವಿಕೊಂಡು ಎದ್ದು ಕೇಳಿದ, "ಎಷ್ಟೆತ್ತರ ಬೇಕು?"

"ನಾನು ಪೊರಕೆ ಹಿಡಿದು ಕೂತ್ರೆ ಗೂಡಿನಡಿಯಿಂದ ಆಚೆಯ ಬೇಲಿ ಕಾಣ್ಬೇಕು. ಅಷ್ಟು. ಕೆಳಗೆ ಸಿಮೆಂಟ್. ಹಲಗೆ ಎಳೆದು ತೊಳೆಯೋ ಹಾಗಿರ್ಲಿ."

ಅವಳು ಕೂತಳು. ಅವನು ಅಳತೆಪಟ್ಟಿ ಹಿಡಿದು ಅವಳ ಕಣ್ಣಿನ ಮಟ್ಟ ನೋಡಿ ಗುರುತು ಹಾಕಿದ.

ಗೂಡು ಎತ್ತಿದಾಗ ಅಡಿಯಲ್ಲಿ ಹಾವಿರಲಿಲ್ಲ. ಗೋಡೆಯ ಬುಡದಲ್ಲಿ ಒಂದು ಬಿಲವಿತ್ತು. ಸಿಮೆಂಟ್ ಮುಚ್ಚಿತು. ಹಾವು ಒಳಗುಳಿಯಿತೋ ಹೊರಗೋ, ಯಾರೂ ನೋಡಲಿಲ್ಲ.

ಈಗ ಬೇಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೂ ದಿನಾ ಬೆಳಗ್ಗೆ ಅವಳು ಕೋಲಿನಿಂದ ಸಿಮೆಂಟಿಗೆ ಮೂರು ಸಲ ಕುಟ್ಟುತ್ತಾಳೆ.

"ಯಾರ ಮನೆ ಬಾಗಿಲು ತಟ್ತಿದೀಯೆ?" ಎನ್ನುತ್ತಾರೆ ಅತ್ತೆ.

ಅವಳು ಕಿವಿಗೊಟ್ಟು ನಿಲ್ಲುತ್ತಾಳೆ. ಅಡಿಯಲ್ಲಿ ಏನೂ ಸರಿಯುತ್ತಿಲ್ಲವೆಂದು ಖಾತ್ರಿಯಾಗುವವರೆಗೆ ಅತ್ತೆಯ ಮಣಿಕಟ್ಟು ಅವಳ ಹಿಡಿಯಲ್ಲೇ ಇರುತ್ತದೆ.