ಪದ್ದತ್ತೆಯ ಮೂಗಿಗೆ ಒಂದು ಲೋಟ ವೈನ್

ಪದ್ದತ್ತೆ ಉಪ್ಪನ್ನು ಮೂಗಿನಿಂದಲೇ ನೋಡುತ್ತಿದ್ದರು. ಅವರ ಗಂಡ ಶಾಸ್ತ್ರಿಗಳು ಕಾಶಿಗೆ ಬರುವ ಕನ್ನಡ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವವರು, ಅಡುಗೆ ಪದ್ದತ್ತೆಯದು. ಶ್ರಾದ್ಧದ ಅಡುಗೆಯನ್ನು ಬಡಿಸುವ ಮೊದಲು ಯಾರೂ ರುಚಿ ನೋಡುವಂತಿಲ್ಲ. ಹಾಗಾಗಿ ಕುದಿಯುವ ಸಾರಿನ ಪಕ್ಕ ನಿಂತು, "ಹಬೆ ತಾನಾಗಿ ಮೂಗಿಗೆ ಬಂದ್ರೆ ನಾನೇನ್ಮಾಡ್ಲಿ?" ಎಂದು ದೇವರಿಗೇ ಸಬೂಬು ಹೇಳಿ, "ಇನ್ನೊಂದು ಚಿಟಿಕೆ" ಎಂದು ತೀರ್ಪು ಕೊಡುತ್ತಿದ್ದರು. ಒಂದು ದಿನವೂ ತಪ್ಪಿದ್ದಿಲ್ಲ. ಉಪ್ಪಿಗೆ ವಾಸನೆಯಿಲ್ಲ ಎಂದು ರಸಾಯನಶಾಸ್ತ್ರ ಕಲಿಸುವ ನಾನು ವಾದಿಸಿದರೆ, "ನಿನ್ನ ಯೂನಿವರ್ಸಿಟಿ ಉಪ್ಪಿಗೆ ಇಲ್ದೆ ಇರಬಹುದು" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಕಾಶಿಯ ಗೋದೌಲಿಯಾ ಚೌಕದ ಹಿಂದಿನ ಗಲ್ಲಿಯ ಅವರ ಮನೆಯಲ್ಲಿ ಮಹಡಿಯ ಕೋಣೆ ನನ್ನ ಬಾಡಿಗೆಯದು. ಈರುಳ್ಳಿಯೂ ಹೊಸ್ತಿಲು ದಾಟದ ಮನೆ. ನಾನೋ, ಶನಿವಾರ ಸಂಜೆ ಉತ್ತರಪತ್ರಿಕೆಗಳ ಕೆಳಗೆ ಅಗ್ಗದ ವೈನ್ ಬಾಟಲಿ ಮಲಗಿಸಿಕೊಂಡು ಬರುವವಳು. ಮೊದಲ ಶನಿವಾರವೇ ಸಿಕ್ಕಿಬಿದ್ದೆ. ಮುಚ್ಚಳ ತಿರುಗಿಸಿದ್ದೇ ತಡ, ಬಾಗಿಲಲ್ಲಿ ಪದ್ದತ್ತೆ.

"ಏನೇ ಅದು, ದ್ರಾಕ್ಷಿ ಕೊಳೆಸಿದ್ದಾ?"

ಗಂಟುಮೂಟೆ ಕಟ್ಟುವುದೇ ಸರಿ ಅಂದುಕೊಂಡೆ. ಅವರು ಸ್ಟೀಲ್ ಲೋಟ ಎತ್ತಿ, ಕಣ್ಣು ಮುಚ್ಚಿ ಮೂಸಿದರು.

"ಇದರ ಜೊತೆ ಬಿಸ್ಕತ್ತಾ? ಥೂ! ಒಗರು ಜಾಸ್ತಿ ಇದೆ, ಎಣ್ಣೆ ಕೇಳ್ತಿದೆ. ತಾಳು, ಎಣ್ಣೆಗಾಯಿ ತರ್ತೀನಿ."

ತಂದರು. ಶೇಂಗಾ, ಎಳ್ಳು ತುಂಬಿದ ಆ ಬದನೆಕಾಯಿಯ ಜೊತೆ ನನ್ನ ಒರಟು ವೈನ್ ಒಳ್ಳೆಯ ಮನೆತನದ್ದಾಗಿಬಿಟ್ಟಿತು. "ನೀವೂ ಒಂದು ಗುಟುಕು, ಅತ್ತೆ?" ಎಂದೆ.

"ಶಿವ ಶಿವಾ! ಮೂಸೋದು ನಂದು. ಕುಡಿಯೋ ಪಾಪ ನಿಂದು."

ಅಲ್ಲಿಂದ ಪ್ರತಿ ಶನಿವಾರ ಲೋಟ ಅವರ ಮೂಗಿಗೆ ಮೊದಲು. ಹುಳಿಹುಳಿಯಾದ ಬಿಳಿ ವೈನಿಗೆ ಇಲ್ಲಿಯ ಚೂಡಾ-ಮಟರ್ ಬಂತು, ತುಪ್ಪದಲ್ಲಿ ಹುರಿದ ಅವಲಕ್ಕಿ ಮತ್ತು ಹಸಿ ಬಟಾಣಿ. ಸಿಹಿ ವೈನಿಗೆ "ಇದು ಬಿಲ್ಕುಲ್ ಕೆಮ್ಮಿನ ಔಷಧಿ" ಎಂದು ಖಾರದ ನಿಪ್ಪಟ್ಟು ಬಂತು. ಒಮ್ಮೆ ಕೆಳಗಿನಿಂದ ಶಾಸ್ತ್ರಿಗಳು, "ಮೇಲೇನು ಮಾಡ್ತಿದ್ದೀಯೇ?" ಎಂದು ಕೂಗಿದರು. "ಹುಡುಗಿಗೆ ಪಾಠ ಹೇಳ್ಕೊಡ್ತಿದ್ದೀನಿ!" ಎಂದರು ಪದ್ದತ್ತೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಒಂದು ಚಳಿಗಾಲ ಅವರು ಜ್ವರದಿಂದ ಹತ್ತು ದಿನ ಮಲಗಿದರು. ಎದ್ದ ಮೇಲೂ ಶನಿವಾರ ತಪ್ಪಿಸಲಿಲ್ಲ. ಆದರೆ ಯಾವ ಬಾಟಲಿಗೂ ಅವರದು ಒಂದೇ ಮಾತು, "ನಿಪ್ಪಟ್ಟು ಸಾಕು." ನನಗೆ ಅನುಮಾನ ಬಂತು, ಜೊತೆಗೆ ಕೀಟಲೆಯ ಬುದ್ಧಿಯೂ. ಒಂದು ಸಂಜೆ ಲೋಟದಲ್ಲಿ ಬರೀ ನೀರು ಕೊಟ್ಟೆ. ಕಣ್ಣು ಮುಚ್ಚಿ ಮೂಸಿ, "ಒಗರು. ನಿಪ್ಪಟ್ಟು ಸಾಕು" ಎಂದರು. ನಾನು ನಕ್ಕೆ. ಅವರು ಕಣ್ಣು ತೆರೆದು ಲೋಟದೊಳಗೆ ನೋಡಿದರು.

"ಮೂಗು ಹೋಯ್ತು ಕಣೇ. ಇವರಿಗೆ ಹೇಳ್ಬೇಡ. ಗೊತ್ತಾದ್ರೆ ಅಡುಗೆಗೆ ಭಟ್ಟರನ್ನ ಇಡ್ತಾರೆ. ಒಲೆ ಬಿಟ್ಟು ನಾನೇನು ಮಾಡ್ಲಿ?"

ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಅಂದಿನಿಂದ ಶ್ರಾದ್ಧದ ದಿನ ಅಡುಗೆಮನೆಯ ಬಾಗಿಲಲ್ಲಿ ನನ್ನ ಮೂಗಿಗೆ ಕೆಲಸ. "ಉಪ್ಪು?" ಎಂದು ಪಿಸುಗುಡುತ್ತಿದ್ದರು. "ಸರಿಯಿದೆ ಅತ್ತೆ" ಎನ್ನುತ್ತಿದ್ದೆ. ನನಗೆ ಏನೂ ತಿಳಿಯುತ್ತಿರಲಿಲ್ಲ. ಅವರ ಕೈಯಳತೆಯೇ ಮಾನ ಕಾಪಾಡಿತು. ಆದರೂ ಕೊನೆಯ ಎಲೆ ಎತ್ತುವವರೆಗೆ ಪದ್ದತ್ತೆ ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿರುತ್ತಿದ್ದರು.

ಬೇಸಿಗೆಯಲ್ಲಿ ನನಗೆ ಧಾರವಾಡದಲ್ಲಿ ಕೆಲಸ ಸಿಕ್ಕಿತು. ಹೊರಡುವ ಹಿಂದಿನ ಸಂಜೆ ಪದ್ದತ್ತೆ ತಟ್ಟೆ ಮುಚ್ಚಿದ ಲೋಟ ಹಿಡಿದು ಬಂದರು.

"ನಿನ್ನ ಬಾಟಲಿ ತಳದಲ್ಲಿ ಉಳಿದಿತ್ತು. ಇವತ್ತು ನೀನು ಹೇಳು, ಇದಕ್ಕೇನು ಜೋಡಿ?"

ಗುರುವಿನೆದುರು ಪರೀಕ್ಷೆ. ಕಣ್ಣು ಮುಚ್ಚಿ ಮೂಸಿದೆ. "ಮಳೆ ಬಿದ್ದ ಮಣ್ಣಿನ ವಾಸನೆ, ಅತ್ತೆ. ಗಂಭೀರವಾದ ವೈನ್. ಎಣ್ಣೆಗಾಯಿಯೇ ಸರಿ."

ಅವರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. "ಬೀಟ್‌ರೂಟ್ ಬೇಯಿಸಿದ ನೀರು ಕಣೇ! ಅವತ್ತು ನನಗೆ ನೀರು ಕೊಟ್ಟಿದ್ಯಲ್ಲ, ಅದಕ್ಕೆ!" ನಗುತ್ತಲೇ ಅವರ ದನಿ ಸಣ್ಣಗಾಯಿತು. "ಬೆಳಗ್ಗೆ ಅದು ಬೇಯೋವಾಗ ಮಣ್ಣಿನ ವಾಸನೆ ಬಂತು. ನನಗೇ ಬಂತು ಕಣೇ."

ಮಡಿಯ ಪದ್ದತ್ತೆಯನ್ನು ಅಂದು ಮೊದಲ ಸಲ ತಬ್ಬಿಕೊಂಡೆ. ಅವರೂ ಬಿಡಿಸಿಕೊಳ್ಳಲಿಲ್ಲ.

ಮತ್ತೆ ಕಾಶಿಗೆ ಹೋದದ್ದು ಪದ್ದತ್ತೆ ತೀರಿಕೊಂಡು ವರ್ಷವಾದಾಗ, ಅವರ ವರ್ಷಾಂತಿಕದ ಶ್ರಾದ್ಧಕ್ಕೆ. ಅಡುಗೆ ಹೊಸ ಭಟ್ಟರದು. ಶಾಸ್ತ್ರಿಗಳೂ ನಾನೂ ಎದುರುಬದುರು ಕೂತಿದ್ದೆವು. ಸಾರಿನ ಮೊದಲ ತುತ್ತಿಗೆ ಅವರು ತಲೆಯೆತ್ತಿ ನನ್ನನ್ನು ನೋಡಿದರು. ಒಂದು ಚಿಟಿಕೆ ಉಪ್ಪು ಕಡಿಮೆಯಾಗಿತ್ತು. ಇಬ್ಬರೂ ಉಪ್ಪು ಕೇಳದೆ ತಿಂದು ಎದ್ದೆವು.