ಮೈಕಣ್ಣನ ಬಲಗೈ

ಮಾರ್ಚ್ 9, ಬೆಳಗಿನ 5 ಗಂಟೆ 20 ನಿಮಿಷ. ಶಾಸನಸಭೆಯ ದೊಡ್ಡ ಹಜಾರದಲ್ಲಿ ಇಬ್ಬರೇ ಇದ್ದಾರೆ. ಕೆಳಗೆ, ಸಾಲು ಕುರ್ಚಿಗಳ ನಡುವೆ ಮೈಕಣ್ಣ. ಮೇಲೆ, ಪ್ರೇಕ್ಷಕರ ಉಪ್ಪರಿಗೆಯಲ್ಲಿ ಕಸ ಗುಡಿಸುವ ಅಕ್ಕ. ಮೈಕಣ್ಣ ಒಂದೊಂದೇ ಮೈಕಿನ ಮುಂದೆ ಬಗ್ಗಿ "ಕೇಳಿಸ್ತಾ?" ಎನ್ನುತ್ತಾರೆ. ಕೇಳಿಸಿದರೆ ಅಕ್ಕ ಪೊರಕೆ ಎತ್ತುತ್ತಾರೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಇಬ್ಬರ ಸೊಂಟವೂ ಹಿಡಿದಿರುತ್ತದೆ. "ಈ ಸಭೇಲಿ ನನ್ನಷ್ಟು ಸಲ ಕೈ ಎತ್ತಿದೋರು ಯಾರಿದ್ದಾರೆ? ನಂಗೂ ಒಂದು ಕುರ್ಚಿ ಹಾಕ್ಸಿ" ಎಂದು ಅಕ್ಕ ಮೇಲಿನಿಂದ ರೇಗಿಸುತ್ತಾರೆ.

ಮೈಕಣ್ಣನಿಗೆ ಐವತ್ತೊಂಬತ್ತು. ಇದೇ ಸಭೆಯಲ್ಲಿ ಮೂವತ್ತೊಂದು ವರ್ಷದ ಕೆಲಸ. ಅದರಲ್ಲಿ ಇಪ್ಪತ್ತೆಂಟು ಸೇನಾಧಿಪತಿಯ ಆಳ್ವಿಕೆಯ ಕಾಲದ್ದು. ಮೂಲೆಯ ಗಾಜಿನ ಗೂಡು ಅವರ ಜಾಗ. ಅದರೊಳಗೆ ಒಂದು ಕೆಂಪು ದೀಪ, ಒಂದು ಕಬ್ಬಿಣದ ಲಿವರ್. ಸಭೆಯ ಅಧ್ಯಕ್ಷರು ತಮ್ಮ ಮೇಜಿನ ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು. ಇವರು ಲಿವರ್ ಎಳೆದರೆ ಮಾತಾಡುತ್ತಿದ್ದವರ ಮೈಕು ಸಾಯುತ್ತಿತ್ತು. ಬರಬರುತ್ತಾ ದೀಪವೂ ಬೇಕಾಗಲಿಲ್ಲ. ಯಾರಾದರೂ ಉಸಿರನ್ನು ಸ್ವಲ್ಪ ಉದ್ದ ಎಳೆದುಕೊಂಡರೆ ಸಾಕು, ಬಲಗೈ ಲಿವರಿನ ಮೇಲಿರುತ್ತಿತ್ತು. ಮನೆಯಲ್ಲೂ ಅದೇ ಚಾಳಿ. "ನಾನು ದನಿ ಏರಿಸಿದ್ರೆ ಇವ್ರು ಹೋಗಿ ರೇಡಿಯೋ ಕಿವಿ ಹಿಂಡಿ ಆರಿಸ್ತಾರೆ" ಎನ್ನುತ್ತಾರೆ ಹೆಂಡತಿ.

ಸೇನಾಧಿಪತಿ ಹೋದರು, ಚುನಾವಣೆ ಬಂತು, ಹೊಸಬರು ಬಂದು ಕೂತರು. ಗೂಡು ಮಾತ್ರ ಹಾಗೇ ಉಳಿಯಿತು. ಮೊದಲ ವಾರವೇ, ಹಿಂದೆ ನರ್ಸ್ ಆಗಿದ್ದ ಸದಸ್ಯೆಯೊಬ್ಬರು ಎದ್ದು, ಸೇನಾಧಿಪತಿಯ ಸೆರೆಮನೆಯಿಂದ ಹಿಂದಿರುಗದ ತಮ್ಮ ಅಣ್ಣ ಏನಾದರು ಎಂದು ಕೇಳತೊಡಗಿದರು. ದನಿ ಏರಿತು. ಮೈಕು ಸತ್ತಿತು. ದೀಪ ಹತ್ತಿರಲೇ ಇಲ್ಲ. ಸಭೆಯಲ್ಲಿ ಒಬ್ಬರೂ ಚಕಾರ ಎತ್ತಲಿಲ್ಲ. ನರ್ಸಮ್ಮ ಕೂಡ ಸೆರಗು ಸರಿಪಡಿಸಿಕೊಂಡು ಕೂತುಬಿಟ್ಟರು.

ಅಂದು ಮಧ್ಯಾಹ್ನ ಮೈಕಣ್ಣ ಮೆಟ್ಟಿಲ ಬಳಿ ಆಕೆಗಾಗಿ ಕಾದು ನಿಂತಿದ್ದರು. "ಯಾರೂ ಹೇಳ್ಲಿಲ್ಲಮ್ಮ. ಕೈ ತಾನೇ ಹೋಯ್ತು."

ಆಕೆ ಅವರ ಕೈಯನ್ನೇ ನೋಡುತ್ತಾ ಅಂದರಂತೆ: "ನಾನೂ ಯಾರೂ ಹೇಳ್ದೇನೇ ಕೂತ್ನಲ್ಲಣ್ಣ."

ಅಂದಿನಿಂದ ಮೈಕಣ್ಣನದು ಒಂದೇ ಕೋರಿಕೆ: ತಾವು ನಿವೃತ್ತರಾಗುವ ಮೊದಲು ಆ ಲಿವರನ್ನು ಕಿತ್ತುಹಾಕಬೇಕು, ಮುಂದೆ ಬರುವವರ ಕೈಗೆ ಅದು ಸಿಗಬಾರದು. ಗದ್ದಲ ಜಾಸ್ತಿ, ಸದ್ಯಕ್ಕೆ ಇರಲಿ ಎಂದರು ಆಳುವವರು. ಎದುರು ಸಾಲಿನವರು, ನಾಳೆ ತಮಗೂ ಬೇಕಾದೀತೆಂದೋ ಏನೋ, ನೋಡೋಣ ಎಂದರು. ಮೂರು ವರ್ಷ ನೋಡಿದ್ದೇ ಆಯಿತು. ನಿವೃತ್ತಿಗೆ ಇನ್ನು ಮೂರು ವಾರ. ಪಿಂಚಣಿಗೆ ಕಲ್ಲು ಹಾಕಿಕೊಳ್ಳದೆ ಅಲ್ಲಿಯವರೆಗೆ ತೆಪ್ಪಗಿರಿ ಎಂದು ಹೆಂಡತಿ ಬುತ್ತಿ ಕಟ್ಟುವಾಗಲೆಲ್ಲ ಹೇಳುತ್ತಾರೆ. "ಆಸೆ ಅಂತ ದೊಡ್ಡದೇನಿಲ್ಲ. ಸುಸ್ತಾಗಿದೆ. ಕೈ ನನ್ನ ಮಾತು ಕೇಳಿದ್ರೆ ಸಾಕು" ಎನ್ನುತ್ತಾರೆ ಮೈಕಣ್ಣ.

ಬೆಳಿಗ್ಗೆ 11 ಗಂಟೆ 40 ನಿಮಿಷ. ನರ್ಸಮ್ಮ ಮತ್ತೆ ಎದ್ದಿದ್ದಾರೆ. ಅದೇ ಅಣ್ಣ, ಅದೇ ಪ್ರಶ್ನೆ. ಸುತ್ತ ಮೇಜು ಕುಟ್ಟುವ ಸದ್ದು. ಅದರ ಮೇಲೆ ಆಕೆಯ ದನಿ ಏರುತ್ತದೆ. ಗೂಡಿನಲ್ಲಿ ಕೆಂಪು ದೀಪ ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ಅಧ್ಯಕ್ಷರು ಗಾಜಿನತ್ತ ಕತ್ತು ತಿರುಗಿಸುತ್ತಾರೆ. ಮೈಕಣ್ಣ ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೆ ಭಾರ ಬಿಟ್ಟು ಕೂತಿದ್ದಾರೆ. ಕಣ್ಣು ಎದುರಿನ ಶಬ್ದಮಾಪಕದ ಮೇಲಿದೆ. ಸೇನಾಧಿಪತಿಯ ಕಾಲದಲ್ಲಿ ಅದರ ಮುಳ್ಳು ಅರವತ್ತು ದಾಟಿದ್ದನ್ನು ಅವರು ಕಂಡವರಲ್ಲ. ಈಗ ಅದು ತೋರಿಸುತ್ತಿರುವುದು ಎಂಬತ್ತಮೂರು ಡೆಸಿಬೆಲ್.