ಸೂರಪ್ಪ ಹುಳಿ ನೋಡುತ್ತಿದ್ದ ಎಣ್ಣೆ

ನನ್ನ ಗಂಡ ಸೂರಪ್ಪ ಹರಿಹರದ ಒಂದು ಎಣ್ಣೆ ಮಿಲ್ಲಿನ ಲ್ಯಾಬಿನಲ್ಲಿದ್ದರು. ಗಾಜಿನ ಸಾಮಾನು ತೊಳೆಯಲು ಸೇರಿದವರು, ಆಮೇಲೆ ಎಣ್ಣೆ ಪರೀಕ್ಷೆ ಕಲಿತರು. ಏನು ಪರೀಕ್ಷೆ ಎಂದು ಕೇಳಿದರೆ, "ಹುಳಿ ನೋಡ್ತೀನಿ" ಎನ್ನುತ್ತಿದ್ದರು. ಎಣ್ಣೆಯಲ್ಲಿ ಎಂಥ ಹುಳಿ? ಮಾತು ಕಡಿಮೆ ಅವರದು. ಚಹಾ ಕೊಟ್ಟರೆ ಕುಡಿಯುವುದು ಬಿಟ್ಟು, ಲೋಟ ಹಿಡಿದ ಮಣಿಕಟ್ಟು ತಿರುಗಿಸುತ್ತಾ ಕೂರುತ್ತಿದ್ದರು.

ನನ್ನದು ನಮ್ಮೂರಿನ ವಿನೋಬನಗರದಲ್ಲಿ ಮಂಡಕ್ಕಿ ಮೆಣಸಿನಕಾಯಿ ಬಂಡಿ. ಅವರು ಆಗಾಗ ಬಂದು, "ಇವತ್ತು ಎಣ್ಣೆ ಬದಲ್ಸು" ಎನ್ನುವರು.

"ನಿಮ್ ಮಿಲ್ಲಿನ ಸಾಹುಕಾರ ಪುಕ್ಕಟೆ ಕೊಡ್ತಾನೇನು?"

ಬೈಯುತ್ತಲೇ ಬದಲಿಸುತ್ತಿದ್ದೆ.

ಹೋದ ತಿಂಗಳು ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆ ದಾರಿಯಲ್ಲಿ, ಆಟೋದಲ್ಲೇ ಹೋದರು. ಮಣ್ಣಿಗೆ ಬಂದಿದ್ದ ಪಕ್ಕದ ಮನೆಯ ಓಬಕ್ಕ, "ದಿನಾ ನಿನ್ ಬಂಡಿದು ಕರಿದಿದ್ದು ತಿಂದ್ರೆ ಇನ್ನೇನಾಗ್ತೈತೆ" ಎಂದಳು. ಆಮೇಲೆ ಅವರ ಊಟದ ಚೀಲದಲ್ಲಿ ಸಣ್ಣ ಬಾಟಲಿ ಸಿಕ್ಕಿತು. ಒಳಗೆ ನನ್ನ ಬಾಣಲೆಯ ಎಣ್ಣೆ. ತಳದಲ್ಲಿದ್ದ ಕರಕಲು ಹಿಟ್ಟು ನೋಡಿ ಗುರುತು ಹಿಡಿದೆ. ನನ್ನ ಎಣ್ಣೆಯೇ ಅವರನ್ನು ಕೊಂದಿತೇ? ಬಂಡಿ ಹಚ್ಚಲು ಕೈ ಬರಲಿಲ್ಲ.

ಬಾಟಲಿ ಹಿಡಿದು ಹರಿಹರಕ್ಕೆ ಹೋದೆ. ಅವರ ಜೊತೆ ಕೆಲಸ ಮಾಡುತ್ತಿದ್ದ ಗುಲ್ನಾಜ್ ಬಾಟಲಿ ನೋಡಿದ ಕೂಡಲೇ ಗುರುತಿಸಿದಳು.

"ನಿಮ್ ಬಾಣಲಿ ಎಣ್ಣೆ ಅಲ್ವಾ ಅಕ್ಕ? ಅಣ್ಣ ಆಗಾಗ ತಂದು ಹುಳಿ ನೋಡ್ತಿದ್ರು. ನಿಮಗೆ ಹೇಳಿಲ್ವಾ?"

"ಇಲ್ಲವ್ವ. ಇದನ್ನ ನೋಡಿ ಹೇಳು."

ಗಾಜಿನ ಬುಡ್ಡಿಯಲ್ಲಿ ಎಣ್ಣೆಗೆ ಸ್ಪಿರಿಟ್ ಬೆರೆಸಿ, ಏನೋ ಹನಿ ಹಾಕಿದಳು. ಮೇಲೆ ನಿಲ್ಲಿಸಿದ್ದ, ಅಳತೆ ಗೀಟುಗಳಿದ್ದ ಗಾಜಿನ ಕೊಳವೆಯಿಂದ ಕಾಸ್ಟಿಕ್ ನೀರು ತೊಟ್ಟಿಕ್ಕಿಸುತ್ತಾ ಬುಡ್ಡಿ ತಿರುಗಿಸಿದಳು. ಅವರು ಚಹಾ ತಿರುಗಿಸುತ್ತಿದ್ದ ಹಾಗೆಯೇ.

"ಎಣ್ಣೆ ಕೆಟ್ಟಷ್ಟೂ ಆಮ್ಲ ಏರ್ತೈತೆ. ಈ ನೀರು ಅದನ್ನ ಮುಗಿಸಿದ್ ಮ್ಯಾಲೆ ಗುಲಾಬಿ ಬಣ್ಣ ನಿಲ್ತೈತೆ. ಎಷ್ಟು ನೀರು ಹಿಡೀತೋ ಅಷ್ಟು ಹುಳಿ."

ಬಣ್ಣ ಬಂತು, ಹೋಯಿತು. ಮತ್ತೆ ಬಂತು, ಹೋಯಿತು. ಬಹಳ ಹೊತ್ತಿಗೆ ನಿಂತಿತು.

"ಜಾಸ್ತಿ ಐತೆ ಅಕ್ಕ. ಅಣ್ಣ ಇದ್ದಿದ್ರೆ ಬದಲ್ಸು ಅಂತಿದ್ರು."

"ಇದರಿಂದ್ಲೇ ಹೋದ್ರಾ?"

"ಅದನ್ನ ಈ ಬುಡ್ಡಿ ಹೇಳಲ್ಲ. ಬಾಟ್ಲಿಯಾಗ ಕೂತೂ ಹುಳಿ ಏರಿರ್ಬೋದು. ಅವತ್ತು ಎಷ್ಟಿತ್ತೋ."

"ಮತ್ತೆ ನೋಡಿ ಏನು ತಿಳೀತು?"

ಅವಳು ಬಾಟಲಿ ತೊಳೆದು ಕೊಟ್ಟಳು.

ಅವಳು ಹೇಳಿದ್ದನ್ನೇ ಬಸ್ಸಿನಲ್ಲಿ ಯೋಚಿಸಿದೆ. ತಲೆಗೆ ಹತ್ತಲಿಲ್ಲ. ಮನೆಯಲ್ಲಿ ಬಾಣಲೆಯ ಎಣ್ಣೆ ಅವರು ಹೋದ ದಿನದಿಂದ ಹಾಗೇ ಇತ್ತು. ಚೆಲ್ಲಿ, ಬಾಣಲೆ ತಿಕ್ಕಿ, ಹೊಸ ಎಣ್ಣೆ ಸುರಿದೆ. ಬಂಡಿ ಹಚ್ಚಿದೆ. ಈ ಎಣ್ಣೆ ಯಾವತ್ತು ಹುಳಿಯಾಗುತ್ತದೋ ನನಗೆ ತಿಳಿಯುವುದಿಲ್ಲ.